ಹಣ್ಣಾಗುವವರೆಗೆ ಕಾದವನೇ ದಡ್ಡ

ಕುಮಟಾದಿಂದ ಘಟ್ಟ ಹತ್ತಿ ಸಿದ್ದಾಪುರಕ್ಕೆ ಹೋಗುವ ದಾರಿಯ ದೊಡ್ಮನೆ ಸೀಮೆಯಲ್ಲಿ, ಅಲ್ಲಿಂದ ಶಿರಸಿ, ಯಲ್ಲಾಪುರದವರೆಗಿನ ಬೆಟ್ಟ-ಕಾನುಗಳಲ್ಲಿ, ಮಳೆ ಹಿಡಿಯುವ ಮೊದಲೇ ಒಂದು ಪೈಪೋಟಿ ಶುರುವಾಗುತ್ತದೆ. ಕಾಡಿನ ಹುಳಿಹಣ್ಣು ಉಪ್ಪಾಗೆ ಹಣ್ಣಾಗುವುದು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ಕಾಯಿ ಕೊಯ್ಯುವ ದೋಟಿ ಹೊರಬೀಳುವುದು ಅದಕ್ಕಿಂತ ಎಷ್ಟೋ ಮೊದಲು. ಬೆಳಗಾಗುವುದರೊಳಗೆ ಮರದ ಬುಡ ಸೇರಬೇಕು, ಚೀಲ ತುಂಬಬೇಕು, ಇನ್ನೊಬ್ಬರ ಕಣ್ಣಿಗೆ ಬೀಳುವ ಮುನ್ನ ಜಾಗ ಬಿಡಬೇಕು. ಕೈಗೆ ಸಿಗದ ಕಾಯಿಗೆ ಕೊಂಬೆಯನ್ನೇ ಕಡಿದು ಕೆಡವುವವರೂ ಇದ್ದಾರೆ.

ಹಸಿರು ಉಪ್ಪಾಗೆಯನ್ನು ಒಡೆದರೆ ಹಳದಿ ಅಂಟು ಬೆರಳಿಗೆ ಮೆತ್ತಿಕೊಳ್ಳುತ್ತದೆ, ಸೋಪಿಗೂ ಬಗ್ಗುವುದಿಲ್ಲ. ಒಳಗಿನ ಬೀಜ ಇನ್ನೂ ಎಳಸು. ಅದು ಮೊಳೆಯುವುದಿಲ್ಲ, ಅದರಿಂದ ಉಪ್ಪಾಗೆ ತುಪ್ಪವೂ ಇಳಿಯುವುದಿಲ್ಲ. ಸಿಪ್ಪೆ ಒಣಗಿದರೆ ತೆಳ್ಳಗೆ ಮುದುಡಿಕೊಂಡು ತೂಕಕ್ಕೆ ಬರುವುದಿಲ್ಲ. ಅದೇ ಕಾಯಿ ಮರದಲ್ಲೇ ಹಳದಿಯಾಗುವವರೆಗೆ ಉಳಿದರೆ ಸಿಪ್ಪೆ ದಪ್ಪ, ಬೀಜ ಗಟ್ಟಿ, ಕೊಯ್ಯುವ ಶ್ರಮವೂ ಕಡಿಮೆ. ಇದೆಲ್ಲ ಕೊಯ್ಯುವವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅರಣ್ಯ ಇಲಾಖೆಯ ಭಿತ್ತಿಪತ್ರ ನೋಡಿ ಕಲಿಯಬೇಕಾದ ಪಾಠವೂ ಅಲ್ಲ. ಗೊತ್ತಿದ್ದೂ ಕೊಯ್ಯುತ್ತಾರೆ.

ಯಾಕೆ ಎಂದರೆ ಥಟ್ಟನೆ ಬರುವ ಉತ್ತರ ದುರಾಸೆ. ಪೇಟೆಯ ಭಾಷಣಗಳಲ್ಲಿ, ಪರಿಸರ ದಿನದ ಕಾರ್ಯಕ್ರಮಗಳಲ್ಲಿ ಈ ಮಾತು ಧಾರಾಳವಾಗಿ ಕೇಳಿಬರುತ್ತದೆ. ಇದು ಸೋಮಾರಿ ಉತ್ತರ. ದುರಾಸೆಯವನಾದರೂ ಹೆಚ್ಚು ತೂಕಕ್ಕಾಗಿ ಕಾಯುತ್ತಿದ್ದ. ಇಲ್ಲಿ ಅವಸರ ಮಾಡಿಸುತ್ತಿರುವುದು ಭಯ. ಇವತ್ತು ಬಿಟ್ಟ ಕಾಯಿ ನಾಳೆ ತನಗೇ ಸಿಗುತ್ತದೆಂಬ ಖಾತರಿ ಯಾರಿಗೂ ಇಲ್ಲದ ಕಡೆ, ಕಾದವನು ದಡ್ಡನಾಗುತ್ತಾನೆ.

ಉಪ್ಪಾಗೆ ಮೊದಲು ಇಷ್ಟೊಂದು ಜಗಳದ ಹಣ್ಣಾಗಿರಲಿಲ್ಲ. ಹವ್ಯಕರ ಅಡುಗೆಮನೆಯಲ್ಲಿ ಹುಳಿಗೆ ಒಂದಿಷ್ಟು ಸಿಪ್ಪೆ, ಬೀಜದಿಂದ ಒಂದಿಷ್ಟು ತುಪ್ಪ, ಉಳಿದದ್ದು ಕಾಡಿನ ಪ್ರಾಣಿಗಳಿಗೆ. ಕೇರಳದವರಿಗೆ ಮೀನಿನ ಸಾರಿಗೆ ಇದೇ ಕುಡಂಪುಳಿ, ಆ ವ್ಯಾಪಾರ ಹಳೆಯದು. ಆಟ ಬದಲಾಗಿದ್ದು 1990ರ ದಶಕದಲ್ಲಿ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಸುದ್ದಿ ಹಬ್ಬಿ, ಅಮೆರಿಕದ ಅಂಗಡಿಗಳಲ್ಲಿ ಗಾರ್ಸೀನಿಯಾ ಕಾಂಬೋಜಿಯಾ ಎಂಬ ಹೆಸರಿನಲ್ಲಿ ಇದರ ಮಾತ್ರೆಗಳು ಬಂದವು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಬರೀ ಸಪ್ಪೆ ಮಾತ್ರೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕವೇನೂ ಹೆಚ್ಚು ಇಳಿದಿರಲಿಲ್ಲ. ವ್ಯಾಪಾರ ಅದಕ್ಕೆ ಸೊಪ್ಪು ಹಾಕಲಿಲ್ಲ. ಅಲ್ಲಿನವರ ಬೊಜ್ಜು ಕರಗಿತೋ ಬಿಟ್ಟಿತೋ, ಇಲ್ಲಿ ಉಪ್ಪಾಗೆ ಒಣಗಿಸಲು ಮಳೆಗಾಲವಿಡೀ ಉರಿದ ಒಲೆಗಳಿಗೆ ಕಾಡಿನ ಕಟ್ಟಿಗೆಯಂತೂ ಕರಗಿತು.

ಒಂದೇ ಕಾಡು, ಹಲವು ಕೈ. ಈ ಪರಿಸ್ಥಿತಿ ಮಲೆನಾಡಿಗೆ ಹೊಸದಲ್ಲ. ಇದಕ್ಕೂ ಹಿಂದೆ ಜನ ಪೈಪೋಟಿಗೆ ಬಿದ್ದು ಕಾಡಿಗೆ ನುಗ್ಗುತ್ತಿದ್ದದ್ದು ಬೇಟೆಗೆ. ಬೇಟೆಯನ್ನು ಹೊಗಳುವ ಕಾಲ ಇದಲ್ಲ, ಹೊಗಳಬೇಕಾಗಿಯೂ ಇಲ್ಲ. ಆದರೆ ಅದಕ್ಕೊಂದು ರೀತಿ-ರಿವಾಜು ಇತ್ತು ಎಂಬುದನ್ನು ಅಲ್ಲಗಳೆಯಲಾಗದು. ಕುವೆಂಪು ಅವರ 1933ರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಆ ಲೋಕದ ಪರಿಚಯ ಇರುತ್ತದೆ. ಹಳುವಿನಲ್ಲಿ ಪ್ರಾಣಿಯನ್ನು ಸೋವುವವರು, ಅಂದರೆ ಅಟ್ಟುವವರು, ಒಂದು ಕಡೆಯಿಂದ ಕೂಗುತ್ತ ಬರಬೇಕು. ಕೋವಿಯವರು ತಮತಮಗೆ ಗೊತ್ತುಮಾಡಿದ ಬಿಲ್ಲಿನಲ್ಲಿ, ಅಂದರೆ ಕಾಯುವ ಜಾಗದಲ್ಲಿ, ನಿಲ್ಲಬೇಕು. ಸೋವು ಮುಗಿಯುವವರೆಗೆ ಬಿಲ್ಲು ಬಿಟ್ಟು ಕದಲಬಾರದು, ಪಕ್ಕದವನ ಬಿಲ್ಲಿನ ಕಡೆ ಗುರಿ ತಿರುಗಿಸಬಾರದು. ಹೊಡೆದವನ ಪಾಲು ಬೇರೆ, ಕೋವಿಯ ಪಾಲು ಬೇರೆ, ನಾಯಿಗೂ ಒಂದು ಪಾಲು, ಸೋವಿದವರಿಗೆ ಸಮಪಾಲು. ಕೊಡಗಿನಲ್ಲಿ ಬಿದ್ದ ಪ್ರಾಣಿಯ ಬಾಲವನ್ನು ಮೊದಲು ಮುಟ್ಟಿದವನಿಗೂ ಒಂದು ಹಕ್ಕಿನ ಪಾಲು ಇತ್ತು. ಗದ್ದೆ ಕೆಲಸ ಮುಗಿಸಿ ಕೈಲ್‌ಮುಹೂರ್ತದಂದು ಆಯುಧ ಪೂಜೆ ಮಾಡಿದ ಮೇಲೆಯೇ ಅಲ್ಲಿ ಕೋವಿ ಹೆಗಲೇರುತ್ತಿತ್ತು.

ಜಗಳ ಇರಲಿಲ್ಲವೆಂದಲ್ಲ. ಒಬ್ಬನ ಗುಂಡು ತಾಗಿದ ಹಂದಿ ಇನ್ನೊಬ್ಬನ ಬಿಲ್ಲಿನಲ್ಲಿ ಬಿದ್ದರೆ ಅದು ಯಾರದ್ದು ಎಂಬ ತಕರಾರಿಗೆ ಊರೊಟ್ಟಿನ ಪಂಚಾಯ್ತಿಯೇ ಸೇರಬೇಕಾಗುತ್ತಿತ್ತು. ಮೇಲು-ಕೀಳು ಸಹ ಅಲ್ಲಿ ಢಾಳಾಗಿತ್ತು: ಕೋವಿ ಹಿಡಿದು ನಿಲ್ಲುವವರು ಒಡೆಯರು, ಮುಳ್ಳು ಗೀರಿಸಿಕೊಂಡು ಸೋವುವವರು ಆಳುಗಳು. ಅಂಥ ವ್ಯವಸ್ಥೆಗೆ ಮರಳಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಎರಡು ಸಂಗತಿಗಳು ಅದರಲ್ಲಿ ಸ್ಪಷ್ಟವಿದ್ದವು. ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾಡಿನಿಂದ ಬಂದದ್ದರಲ್ಲಿ ಯಾರಿಗೆ ಎಷ್ಟು ಎಂಬುದೂ ಮೊದಲೇ ತೀರ್ಮಾನವಾಗಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಸೇರಿ ಬೇಟೆಯ ಬಾಗಿಲು ಮುಚ್ಚಿದವು. ಅದು ಆಗಬೇಕಾದದ್ದೇ. ಬೇಟೆ ಪೂರ್ತಿ ನಿಲ್ಲಲಿಲ್ಲ, ಹಗಲಿನಿಂದ ರಾತ್ರಿಗೆ ಹೋಯಿತು. ಈಗ ಪ್ರಾಣಿಗೆ ಹೊಂಚಿ ಮರಸು ಕೂರುವವನು ತಾನೆಲ್ಲಿ ಕೂರುತ್ತೇನೆಂದು ಪಕ್ಕದ ಮನೆಯವನಿಗೂ ಹೇಳುವಂತಿಲ್ಲ. ಹಣೆಗೆ ಟಾರ್ಚ್ ಕಟ್ಟಿಕೊಂಡು ಹೊರಟವನಿಗೆ ಅದೇ ಹಾಡಿಯಲ್ಲಿ ಮತ್ತೊಬ್ಬ ಇದ್ದಾನೆಂಬುದು ತಿಳಿಯುವ ದಾರಿಯೇ ಇಲ್ಲ. ಹಂದಿಯೆಂದು ಭ್ರಮಿಸಿ ಮನುಷ್ಯನಿಗೆ ಗುಂಡು ಹಾರಿಸಿದ ಸುದ್ದಿ ಮಲೆನಾಡಿನ ಪುಟಗಳಲ್ಲಿ ಆಗಾಗ ಬರುವುದು ಸುಮ್ಮನೆ ಅಲ್ಲ. ಅಡಗಿ ಮಾಡುವ ಕೆಲಸದಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವ ಸೌಜನ್ಯಕ್ಕೆ ಜಾಗವಿರುವುದಿಲ್ಲ.

ಬೇಟೆಗೆ ಹಕ್ಕು ಕೊಡಿ ಎಂದು ಇದರಿಂದ ವಾದಿಸುವಂತಿಲ್ಲ. ಆದರೆ ಉಪ್ಪಾಗೆ ಕೊಯ್ಯುವುದು ಅಪರಾಧವೇನಲ್ಲವಲ್ಲ? ಅದನ್ನೂ ಯಾಕೆ ಕದ್ದು ಮಾಡುವಂಥ ಕೆಲಸವಾಗಿ ಇಟ್ಟಿದ್ದೇವೆ?

ಇದಕ್ಕೆ ಉತ್ತರ ಮರ ನಿಂತಿರುವ ನೆಲದಲ್ಲಿದೆ. ಈ ಸೀಮೆಯ ಅಡಿಕೆ ತೋಟಿಗರಿಗೆ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಸೊಪ್ಪು, ದರಕು, ಕಟ್ಟಿಗೆ ತರಬಹುದು, ನೆಲ ಮಾತ್ರ ಸರ್ಕಾರದ್ದು. ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ತೋಟಿಗನಿಗೆ ಅಲ್ಲಿನ ಉಪ್ಪಾಗೆ ಮರ ತನ್ನ ಮರವೇ. ಅರಣ್ಯ ಇಲಾಖೆಯ ಕಡತದಲ್ಲಿ ಅದು ಅರಣ್ಯ. ಕಿರು ಅರಣ್ಯ ಉತ್ಪನ್ನದ ಟೆಂಡರ್ ಹಿಡಿದ ಗುತ್ತಿಗೆದಾರನಿಗೆ ಅದು ತನ್ನ ಗುತ್ತಿಗೆಯ ಮಾಲು. ಇನ್ನು ತೋಟವೂ ಇಲ್ಲದ, ಬೆಟ್ಟವೂ ಇಲ್ಲದ, ಯಲ್ಲಾಪುರ ಕಡೆಯ ಸಿದ್ದಿ, ಕುಣಬಿ, ಮರಾಠಿ ಕುಟುಂಬಗಳಿಗೆ, ಸಿದ್ದಾಪುರದ ಕೂಲಿಕಾರರಿಗೆ ಅದು ಮಳೆಗಾಲದ ಅಕ್ಕಿ ದುಡ್ಡು. ಮರವೊಂದು, ವಾರಸುದಾರರು ನಾಲ್ವರು, ನಾಲ್ವರಿಗೂ ಪಕ್ಕಾ ಹಕ್ಕಿಲ್ಲ. ಮೊದಲು ಹೊಡೆದವನಿಗೆ ಸಿಕ್ಕಿದ್ದೇ ಹಕ್ಕು.

ಐದನೆಯ ಪಾಲುದಾರನಿಗೆ ಬಾಯಿಲ್ಲ. ಸಿಂಗಳೀಕಗಳು ಜಗತ್ತಿನಲ್ಲಿ ಉತ್ತರದ ತುದಿಗೆ ಉಳಿದಿರುವುದು ಇದೇ ಶಿರಸಿ-ಹೊನ್ನಾವರದ ಕಾಡುಗಳಲ್ಲಿ. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಅವುಗಳ ಊಟದಲ್ಲಿ ಉಪ್ಪಾಗೆಯೂ ಸೇರಿದೆ. ಹಣ್ಣು ತಿಂದು ಬೀಜ ಎಸೆಯುವ ಅವುಗಳಿಂದ ಮರಕ್ಕೂ ಲಾಭ. ಎಳೆಗಾಯಿಯಲ್ಲೇ ಮರ ಬರಿದಾದರೆ ಇಬ್ಬರಿಗೂ ನಷ್ಟ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಎಂಬುದನ್ನೂ ನೆನಪಿಡಬೇಕು. ಕಾಯಿ ಬಿಡದ ಗಂಡು ಮರವನ್ನು ಒಣಗಿಸುವ ಒಲೆಗೆ ಹಾಕಿದವರು, ಮುಂದಿನ ವರ್ಷ ಹೆಣ್ಣು ಮರದಲ್ಲಿ ಕಾಯಿಯೇಕೆ ಕಡಿಮೆ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಅಪ್ಪೆಮಿಡಿ ಮಾವಿನ ಕತೆಯೂ ಹೆಚ್ಚುಕಡಿಮೆ ಇದೇ. ಅಘನಾಶಿನಿ, ಬೇಡ್ತಿ, ಶರಾವತಿಯ ದಂಡೆಗಳಲ್ಲಿ ತಾನಾಗಿ ಬೆಳೆದ ಮರಗಳು. ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಮೇಲೆ ಹೆಸರೂ ಬೆಲೆಯೂ ಏರಿದೆ. ಮಿಡಿಯನ್ನು ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಮೆತ್ತಗೆ ಇಳಿಸಬೇಕು. ನೆಲಕ್ಕೆ ಬಿದ್ದು ಜಜ್ಜಿದ ಒಂದು ಮಿಡಿ ಇಡೀ ಜಾಡಿ ಉಪ್ಪಿನಕಾಯಿ ಕೆಡಿಸುತ್ತದೆ. ರಾತ್ರೋರಾತ್ರಿ ಬಂದವನಿಗೆ ಇಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಟೊಂಗೆ ಮುರಿದು ಕೆಳಗೆಳೆದು ಆಯ್ದುಕೊಂಡು ಹೋಗುತ್ತಾನೆ.

ಹಣ್ಣಾಗುವವರೆಗೆ ಕಾಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಬೇರೆ ದೇಶದವರೂ ಎದುರಿಸಿದ್ದಾರೆ. ನಾರ್ವೆಯಲ್ಲಿ ಕಾಡಿನ ಹಣ್ಣನ್ನು ಯಾರು ಬೇಕಾದರೂ ಕೊಯ್ಯಬಹುದೆಂಬ ಹಳೆಯ ಹಕ್ಕಿದೆ. ಆದರೆ ಜೌಗಿನಲ್ಲಿ ಬೆಳೆಯುವ, ಒಳ್ಳೆಯ ಬೆಲೆ ಬರುವ ಕ್ಲೌಡ್‌ಬೆರಿ ವಿಷಯದಲ್ಲಿ ಆ ಧಾರಾಳ ನಡೆಯಲಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಅದರ ಎಳೆಗಾಯಿ ಕೀಳಬಾರದೆಂಬ ಕಾನೂನೇ ಬಹುಕಾಲ ಜಾರಿಯಲ್ಲಿತ್ತು. ಸಜ್ಜನಿಕೆಗೆ ಹೆಸರಾದ ದೇಶಕ್ಕೂ ಬರೀ ಸಜ್ಜನಿಕೆ ಸಾಕಾಗಲಿಲ್ಲ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೇ ಕಲಮು, ಪಾರಂಪರಿಕವಾಗಿ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಒಡೆತನವನ್ನೇ ಒಪ್ಪುತ್ತದೆ. ಐದನೇ ಕಲಮು ಕಾಡನ್ನು, ಅದರ ಜೀವಿಗಳನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. ಉತ್ತರ ಕನ್ನಡದಲ್ಲಿ ಅರ್ಜಿಗಳೇನೋ ರಾಶಿ ಬಿದ್ದಿವೆ. ಆದರೆ ಹೆಚ್ಚಿನವು ಒಂದೊಂದು ಕುಟುಂಬದ ಅತಿಕ್ರಮಣ ಜಮೀನಿನ ಅರ್ಜಿಗಳು. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ದಾಖಲೆ ತೋರಿಸಬೇಕೆಂಬಲ್ಲಿ ಅವು ಮುಗ್ಗರಿಸಿವೆ. ಸಮುದಾಯದ ಹಕ್ಕಿನ ಕಡೆ ಜನನಾಯಕರ ಗಮನ ಕಡಿಮೆ. ಪಟ್ಟಾ ಕೊಡಿಸಿದರೆ ಮತ ಬರುತ್ತದೆ, ಉಪ್ಪಾಗೆ ಕೊಯ್ಲಿನ ಹಕ್ಕಿನಿಂದ ಬರುತ್ತದೆಯೇ ಎಂಬ ಲೆಕ್ಕಾಚಾರವಿರಬೇಕು.

ಗ್ರಾಮ ಅರಣ್ಯ ಸಮಿತಿಗಳೂ ಇವೆ. 1993ರ ಸರ್ಕಾರಿ ಆದೇಶದ ಮೇಲೆ, ಬ್ರಿಟನ್ನಿನ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆಯಲ್ಲಿ, ರಾಜ್ಯದಲ್ಲೇ ಮೊದಲು ಇವು ಬೇರುಬಿಟ್ಟದ್ದು ಇದೇ ಜಿಲ್ಲೆಯಲ್ಲಿ. ಯೋಜನೆಯ ದುಡ್ಡು ನಿಂತ ಮೇಲೆ ಹಲವು ಸಮಿತಿಗಳು ಬೋರ್ಡಿನಲ್ಲಷ್ಟೇ ಉಳಿದವು. ಇರುವ ಕಡೆ ಅವು ಮಾಡಬೇಕಾದ ಮೊದಲ ಕೆಲಸ ಸಣ್ಣದು: ಕೊಯ್ಲಿನ ದಿನ ಗೊತ್ತುಮಾಡುವುದು. ಇಂಥ ದಿನದ ಮೊದಲು ಉಪ್ಪಾಗೆ ಮರಕ್ಕೆ ದೋಟಿ ತಾಗಿಸುವಂತಿಲ್ಲ ಎಂದು ಊರೇ ಕೂತು ತೀರ್ಮಾನಿಸಬೇಕು. ಬೆಟ್ಟದವರಿಗೆ ಯಾವ ಮರ, ಬೆಟ್ಟವಿಲ್ಲದವರಿಗೆ ಯಾವ ಮರ, ಸಿಂಗಳೀಕಕ್ಕೆ ಬಿಡುವ ಮರ ಯಾವುದು ಎಂದು ಗುರುತು ಹಾಕಬೇಕು.

ಆಕ್ಷೇಪಗಳಿಲ್ಲದೆ ಇಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದು ಬಡವರದ್ದು. ಜೂನ್‌ನಲ್ಲಿ ಶಾಲೆ ಶುರು, ಪುಸ್ತಕ, ಕೊಡೆ, ಅಂಗಡಿ ಬಾಕಿ, ಎಲ್ಲಕ್ಕೂ ದುಡ್ಡು ಬೇಕಾಗುವುದು ಆಗಲೇ. ಜುಲೈವರೆಗೆ ಕಾಯಿರೆಂದು ಹತ್ತು ಎಕರೆ ತೋಟವಿದ್ದವರು ಹೇಳಿದರೆ ಅದು ಉಪದೇಶವಾಗುತ್ತದೆ, ಅಷ್ಟೆ. ಈ ಕಡೆಯ ಸಹಕಾರಿ ಸಂಘಗಳು ಅಡಿಕೆ ಬೆಳೆಗಾರರಿಗೆ ಫಸಲಿನ ಮೇಲೆ ಮುಂಗಡ ಕೊಡುವುದರಲ್ಲಿ ಎತ್ತಿದ ಕೈ. ಶಿರಸಿಯ ತೋಟಗಾರರ ಸಂಘಕ್ಕೆ 1923ರಿಂದ ಇತಿಹಾಸವಿದೆ. ಅದೇ ಮುಂಗಡ ಉಪ್ಪಾಗೆ ಕೊಯ್ಯುವವರಿಗೆ ಯಾಕಿಲ್ಲ? ಅವರ ಹೆಸರಿನಲ್ಲಿ ಪಹಣಿ ಇಲ್ಲದಿರುವುದೇ ಅಡ್ಡಿಯಾದರೆ, ಸಮಿತಿಯ ಹೆಸರಿನಲ್ಲಿ ಕೊಡಬಹುದು.

ಇನ್ನೊಂದು ಆಕ್ಷೇಪ, ಹೊರಗಿನವರು ಬಂದು ಕೊಯ್ದರೆ ಏನು ಮಾಡುವುದು ಎಂಬುದು. ಕಾವಲು ಕೂರುವುದರಿಂದ ಅದು ನಿಲ್ಲದು, ಹೊಡೆದಾಟಕ್ಕೆ ದಾರಿಯಾದೀತು. ನಿಲ್ಲಿಸಬೇಕಾದದ್ದು ಖರೀದಿಯಲ್ಲಿ. ಎಳೆಗಾಯಿಯ ಸಿಪ್ಪೆಯನ್ನು ವ್ಯಾಪಾರಿ ನೋಡಿದ ಕೂಡಲೇ ಗುರುತಿಸುತ್ತಾನೆ, ಬೆಲೆ ಮುರಿಯುವಾಗ ಅವನಿಗೆ ಆ ಕಣ್ಣು ಚೆನ್ನಾಗಿಯೇ ಇದೆ. ಗೊತ್ತುಮಾಡಿದ ದಿನದ ಮೊದಲು ಹಸಿಕಾಯಿ ತೂಗಿದ ಗುತ್ತಿಗೆದಾರನ ಟೆಂಡರ್ ರದ್ದಾಗುತ್ತದೆ ಎಂಬ ಒಂದು ಷರತ್ತು ಸೇರಿಸಲು ಅರಣ್ಯ ಇಲಾಖೆಗೆ ಹೊಸ ಕಾಯ್ದೆ ಬೇಕಿಲ್ಲ. ಅಧಿಕಾರವನ್ನು ಹಳ್ಳಿಗೆ ಇಳಿಸಿದ ಪಂಚಾಯತ್ ವ್ಯವಸ್ಥೆಯನ್ನು 1980ರ ದಶಕದಲ್ಲಿ ತಂದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಇದೇ ದೊಡ್ಮನೆಯವರು. ಅವರ ಊರಿನ ಬೆಟ್ಟದ ಹಣ್ಣನ್ನು ಯಾವಾಗ ಕೊಯ್ಯಬೇಕೆಂಬುದನ್ನು ಆ ಊರು ತೀರ್ಮಾನಿಸುವ ಏರ್ಪಾಡು ಮಾತ್ರ ಇನ್ನೂ ಬಂದಿಲ್ಲ. ಮುಂದಿನ ಟೆಂಡರ್ ಕರೆಯುವ ಮೊದಲು ಒಂದೆರಡು ವಲಯಗಳಲ್ಲಾದರೂ ಸಮಿತಿಗಳನ್ನು ಕರೆದು ದಿನ ಕೇಳಿ, ಆ ದಿನವನ್ನೇ ಷರತ್ತಿನಲ್ಲಿ ಬರೆಯಲಿ. ಹಾಗೆ ಮಾಡಲು ತಗಲುವ ಖರ್ಚು, ವರ್ಷವೂ ಅಚ್ಚುಹಾಕಿಸಿ ಹಂಚುವ ಜಾಗೃತಿ ಕರಪತ್ರಗಳಿಗಿಂತ ಕಡಿಮೆಯೇ ಇದ್ದೀತು.