ಒಂದೇ ನಗರದ ಎರಡು ಬೀದಿಗಳು

ನಮ್ಮ ಕೊಡ್ಲಿ, ಸೇಡಂ, ಚಿತ್ತಾಪುರದ ಸೀಮೆಯಿಂದ ಬೆಂಗಳೂರಿಗೂ ಹೈದರಾಬಾದಿಗೂ ಹೋಗಿ ನೆಲಸಿದವರು ಬಹಳ ಮಂದಿ ಇರುವರಷ್ಟೆ. ಅವರಲ್ಲಿ ವಿದ್ಯೆ ಕಲಿತವರು ಅಗಲವಾದ ಬೀದಿಗಳ ಬಡಾವಣೆಯಲ್ಲಿ ಮನೆ ಹೂಡುವರು. ಮಳೆಯಿಲ್ಲದ ವರುಷ ಗುಳೆ ಹೊರಟವರು ಕಟ್ಟುತ್ತಿರುವ ಮನೆಯ ಮಗ್ಗುಲಲ್ಲಿ ತಗಡಿನ ಮರೆಯಲ್ಲಿ ತಂಗುವರು. ಶಹಾಬಾದಿನ ಫರಸಿ ಕಲ್ಲಿನ ನೆಲದ ಮೇಲೆ ಒಬ್ಬರು ನಡೆದಾಡಿದರೆ, ಅದನ್ನು ಹಾಸಿಕೊಟ್ಟವರಿಗೆ ಬರಿಯ ಮಣ್ಣಿನ ನೆಲವೇ ಗತಿ.

ಈ ಅಂತರವು ಅವರವರ ಹಣೆಯ ಬರಹವೆಂದು ಹೇಳುವವರುಂಟು. ನಾವು ಇದನ್ನು ಒಪ್ಪಲಾರೆವು. ಬೆಂಗಳೂರಿನ ಚರಿತ್ರೆಯನ್ನೇ ನೋಡಿರಿ. 1809ರಲ್ಲಿ ಸ್ಥಾಪಿತವಾದ ದಂಡು ಪ್ರದೇಶಕ್ಕೂ ಹಳೆಯ ಪೇಟೆಗೂ 1949ರ ತನಕ ಪೌರಾಡಳಿತವೇ ಬೇರೆಯಾಗಿತ್ತು. 1898ರಲ್ಲಿ ಪ್ಲೇಗು ಬಂದಾಗ, ಪೇಟೆಯ ಇಕ್ಕಟ್ಟನ್ನು ಕಳೆಯುವುದಕ್ಕಾಗಿ ಬಸವನಗುಡಿ, ಮಲ್ಲೇಶ್ವರಗಳು ಏರ್ಪಟ್ಟುವು. ನಿವೇಶನ ಕೊಂಡು ಮನೆ ಕಟ್ಟಬಲ್ಲವರಿಗೆ ಅಲ್ಲಿ ಗಾಳಿಬೆಳಕುಗಳು ದೊರೆತುವು. ದಿನಗೂಲಿಯವರಿಗೆ ಆ ಅನುಕೂಲವೆಲ್ಲಿಯದು? ಆ ಬಡಾವಣೆಗಳಲ್ಲಿಯೂ ಮನೆಗಳ ಹಿಂದೆ ಕಿರಿದಾದ ಓಣಿಗಳನ್ನು ಬಿಟ್ಟರು. ಮಲ ಹೊರುವವರು ಮುಂಬಾಗಿಲಿಗೆ ಬಾರದೆ ಆ ಓಣಿಯಿಂದಲೇ ಬಂದು ಹೋಗಬೇಕಾಗಿತ್ತು. ಹೀಗೆ ಮನುಷ್ಯರೇ ನಕ್ಷೆ ಬರೆದು ಮಾಡಿದ ಭೇದವನ್ನು ಮನುಷ್ಯರೇ ಅಳಿಸಬಹುದಲ್ಲವೆ?

ಹಳ್ಳಿಯವರಾದ ನಾವು ಈ ವಿಷಯದಲ್ಲಿ ಜಂಬಪಡುವಂತಿಲ್ಲ. ಊರು ಬೇರೆ, ಕೇರಿ ಬೇರೆ ಎಂಬುದನ್ನು ನಾವೂ ಬಲ್ಲೆವು. ಆದರೆ ಊರಿನಲ್ಲಿ ಕೇರಿಯು ಕಣ್ಣೆದುರಿಗಿರುವುದು. ನಗರದಲ್ಲಾದರೋ, ದಿನವೂ ನಮ್ಮ ಪಾತ್ರೆ ತೊಳೆಯುವ ತಾಯಿಯು ಯಾವ ಬೀದಿಯಿಂದ ಬರುವಳೆಂಬುದೇ ನಮಗೆ ತಿಳಿಯದು.

ಇದರ ಭಾರವು ಹೆಣ್ಣುಮಕ್ಕಳ ಮೇಲೆಯೇ ಹೆಚ್ಚು. ಮನೆಯೊಳಗೆ ನಳವಿದ್ದವರಿಗೆ ನೀರು ಅಗ್ಗ. ಕೊಡದ ಲೆಕ್ಕದಲ್ಲಿ ಕೊಳ್ಳುವವರಿಗೆ ತುಟ್ಟಿ. ಕೊಡಗಳ ಸಾಲಿನಲ್ಲಿ ನಿಂತ ಹುಡುಗಿಗೆ ಶಾಲೆಯ ಗಂಟೆ ತಪ್ಪುವುದು. 6ರಿಂದ 14 ವರುಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕೆಂದು 2009ರ ಕಾಯಿದೆಯು ಸಾರಿದೆ. ಆದರೆ ನೀರು ಬರುವ ತನಕ ಆ ಹಕ್ಕೂ ಸಾಲಿನಲ್ಲಿಯೇ ನಿಂತಿರುವುದು.

ಹಬ್ಬದಲ್ಲಿ ಹಳೆಯ ಸೀರೆ ಕೊಟ್ಟ ಮಾತ್ರಕ್ಕೆ ನಮ್ಮ ಕರ್ತವ್ಯವು ತೀರಲಿಲ್ಲ. ನಗರಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಬೀದಿಯ ದೀಪಕ್ಕಾಗಿ ನಗರಸಭೆಗೆ ಅರ್ಜಿ ಬರೆಯುವಾಗ, ಪಕ್ಕದ ಕೇರಿಯ ನಳಕ್ಕಾಗಿಯೂ ಒಂದು ಸಾಲು ಸೇರಿಸಲಿ. ಮನೆಗೆಲಸದ ತಾಯಿಯನ್ನು, "ಅವ್ವಾ, ನಿನ್ನ ಮಗಳು ಎಷ್ಟನೆಯ ತರಗತಿ?" ಎಂದು ಕೇಳಲಿ. ಉತ್ತರ ಬಾರದಿದ್ದರೆ, ನಮ್ಮ ಕೆಲಸವು ಅಲ್ಲಿಂದಲೇ ಮೊದಲಾಗತಕ್ಕದ್ದು.