ಅರಿವೆಯಿಂದೊಂದು ಮುಖವಾಡ

ಗೋಕಾಕದ ಜಲಪಾತವನ್ನು ಕಂಡು ಬರುವವರು ಕರದಂಟನ್ನು ಮರೆಯದೆ ತರುವರು. ಅದೇ ಊರಿನ ಬಣ್ಣದ ಬೊಂಬೆಗಳನ್ನು ಮಾತ್ರ ಮರೆತು ಬರುವರು. ಅಲ್ಲಿಯ ಕುಶಲಿಗರ ಕೈಯ ಹಣ್ಣು-ಕಾಯಿಗಳು ನಿಜವಾದವುಗಳೆಂದೇ ಭ್ರಮೆ ಹುಟ್ಟಿಸುವಂಥವು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿಯೂ ಇಂಥದೇ ಕಸುಬುಂಟು. ಅಲ್ಲಿ ಹಗುರ ಮರದ ಬೊಂಬೆಯ ಮೈಗೆ ಹುಣಸೆಬೀಜದ ಅಂಟಿನಿಂದ ಹತ್ತಿಬಟ್ಟೆಯ ತುಣುಕುಗಳನ್ನು ಮೆತ್ತಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಬಳಿಕ ಬಣ್ಣ ಹಚ್ಚುವರು. ಲೇಪ ಬಿರಿಯದಂತೆ ಹಿಡಿಯುವುದು ಬಟ್ಟೆಯೇ.

ಇದೇ ಉಪಾಯವನ್ನು 1851ರಲ್ಲಿ ಡಚ್ ಸೈನ್ಯದ ವೈದ್ಯ ಮಾಥೈಸನ್ ಮುರಿದ ಮೂಳೆಗೆ ಅನ್ವಯಿಸಿದನು. ಬಟ್ಟೆಗೆ ಸುಟ್ಟ ಜಿಪ್ಸಮ್ ಪುಡಿಯನ್ನು ತಿಕ್ಕಿ, ಒದ್ದೆ ಮಾಡಿ ಸುತ್ತಿದನು. ಔಷಧದ ಅಂಗಡಿಯಲ್ಲಿ ಸುರುಳಿಯಾಗಿ ದೊರೆಯುವ ಪ್ಲಾಸ್ಟರ್ ಪಟ್ಟಿ ಅದರ ಸಂತತಿ. ನಮ್ಮ ಮುಖವಾಡಕ್ಕೆ ಅದೇ ಸಾಕು.

ಆದರೆ ಮಗುವಿನ ಮುಖವನ್ನೇ ಅಚ್ಚಾಗಿ ಬಳಸುವ ಆಸೆ ಬೇಡ. ಈ ಪುಡಿ ನೀರು ಕುಡಿದು ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಪದರ ದಪ್ಪವಾದಷ್ಟೂ ಬಿಸಿ ಹೆಚ್ಚು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಕೈಯ ಅಚ್ಚು ತೆಗೆಯಲೆಂದು ಪ್ಲಾಸ್ಟರ್ ತುಂಬಿದ ಬಕೆಟಿನಲ್ಲಿ ಕೈಯಿಟ್ಟ ಬಾಲಿಕೆಯು ಸುಟ್ಟ ಗಾಯಗಳಿಂದ ಬಹುಪಾಲು ಬೆರಳುಗಳನ್ನೇ ಕಳೆದುಕೊಂಡಳು. ತೆಳು ಪಟ್ಟಿಯಲ್ಲಿ ಅಷ್ಟು ಅಪಾಯವಿಲ್ಲವಾದರೂ ಕಣ್ಣು-ಮೂಗುಗಳ ಬಳಿ ಇಂಥ ಆಟವೇಕೆ?

ಕುಂಬಾರನಿಂದ ತಂದ ಜೇಡಿಮಣ್ಣಿನಲ್ಲಿ ಹಲಗೆಯ ಮೇಲೆ ಮುಖವೊಂದನ್ನು ತಿದ್ದಿರಿ. ಒದ್ದೆ ಕಾಗದ ಹೊದಿಸಿ ಕೊಬ್ಬರಿಎಣ್ಣೆ ಸವರಿರಿ. ಪಟ್ಟಿಯನ್ನು ಎರಡು ಬೆರಳಗಲದ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹೊದಿಸಿರಿ. ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಮೂರು-ನಾಲ್ಕು ಪದರ ಸಾಕು. ಮೂಗು-ತುಟಿಗಳಿಗೆ ಪಟ್ಟಿಯನ್ನು ಮಡಿಸಿಟ್ಟು ಎತ್ತರ ಕೊಡಬೇಕು. ಬೆರಳಿನಿಂದ ನಯವಾಗಿ ಸವರುತ್ತಲೇ ಇರಬೇಕು, ಆತುರಪಟ್ಟರೆ ಜಾಲರಿಯ ಕಣ್ಣುಗಳು ಹಾಗೆಯೇ ಉಳಿಯುವವು. ಕೆಲವೇ ನಿಮಿಷಗಳಲ್ಲಿ ಬಿಗಿಯುವುದಾದರೂ ನೆರಳಿನಲ್ಲಿ ಎರಡು ದಿನ ಒಣಗಲಿ. ಕೈ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಬೇಡಿರಿ. ಕೊಳವೆಯೊಳಗೆ ಅದು ಕಲ್ಲಾಗಿ ಕೂಡುವುದು.

ಇನ್ನು, ಯಾರ ಮುಖ? ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯವರಿಗೆ ಈ ಪ್ರಶ್ನೆಯೇ ಏಳಬಾರದು. ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣನು ರೂಪಿಸಿದ ಶ್ರೀಕೃಷ್ಣ ಪಾರಿಜಾತದ ಸತ್ಯಭಾಮೆಯಿದ್ದಾಳಲ್ಲ! ಹೂವಿಗಾಗಿ ಮುನಿದವಳ ಕೊಂಕು ಹುಬ್ಬು, ಬಿಗಿದ ತುಟಿ, ದೊಡ್ಡ ನತ್ತು. ಇಷ್ಟಾದರೆ ಯಾರೂ ಗುರುತಿಸುವರು. ಉಪ್ಪುಕಾಗದದಿಂದ ಉಜ್ಜಿ, ಸೀಮೆಸುಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಬಣ್ಣ ತುಂಬಿರಿ. ಕಣ್ಣನ್ನು ಕಡೆಗೆ ಬರೆಯಿರಿ. ಮೇಲೊಂದು ಕೈ ವಾರ್ನಿಷ್ ಇರಲಿ. ಇಷ್ಟಾದರೂ ಪ್ಲಾಸ್ಟರಿಗೆ ತೇವವಾಗದು. ಮಳೆಗಾಲದಲ್ಲಿ ಭಾಮೆಯನ್ನು ಜಗುಲಿಯಿಂದ ತೆಗೆದು ನಡುಮನೆಯ ಒಣಗೋಡೆಗೆ ತೂಗುಹಾಕಿರಿ.