ಹಗೇವಿನೊಳಗಿನ ಎಕ್ಸ್‌ಪಿ

ಲಗ್ನದ ಸುಗ್ಗಿಯಲ್ಲಿ ಸುರಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಕೂತಿದ್ದೆ. ಕಂಪ್ಯೂಟರು ಹೊಸದು, ವಿಂಡೋಸ್ 11. ಹುಡುಗ ವರ್ಚುವಲ್‌ಬಾಕ್ಸ್ ತೆರೆದ. ಅದರ ಚೌಕಟ್ಟಿನೊಳಗೆ ಹಸಿರು ಗುಡ್ಡ, ನೀಲಿ ಆಕಾಶದ ಹಳೇ ವಿಂಡೋಸ್ ಎಕ್ಸ್‌ಪಿ ಎದ್ದು ಬಂತು. ಅದರೊಳಗೆ ಪುಟ ಕಟ್ಟುವ ಪೇಜ್‌ಮೇಕರ್, ಕನ್ನಡದ ನುಡಿ ಅಕ್ಷರ. ಅಣ್ಣನ ಲಗ್ನಪತ್ರಿಕೆಯ ಫೈಲಿನಲ್ಲೇ ತಮ್ಮನ ಹೆಸರು ಕೂರಿಸಿದ. ‘ಇದು ಬಂದ್ ಆದ್ರ ಅಂಗಡಿನೂ ಬಂದ್ ರೀ ಸರ’ ಎಂದ.

ಯಂತ್ರದೊಳಗೆ ಯಂತ್ರ ನಡೆಸುವ ಈ ವಿದ್ಯೆ 1960ರ ದಶಕದ್ದು. ದುಬಾರಿ ಗಣಕವನ್ನು ಹಲವರಿಗೆ ಹಂಚಲು ಐಬಿಎಂ ಇದನ್ನು ರೂಪಿಸಿತು; 1972ರಲ್ಲಿ ವಿಎಂ/370 ಮಾರುಕಟ್ಟೆಗೆ ಬಂತು. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ತನ್ನ ಪಾಳಿ ಬಂದ ರೈತನಿಗೆ ಹರಿಯುವ ನೀರೆಲ್ಲ ತನ್ನದೇ. ಹಾಗೆಯೇ ಪ್ರತಿ ಬಳಕೆದಾರನಿಗೂ ಇಡೀ ಗಣಕ ತನ್ನದೇ ಅನಿಸುತ್ತಿತ್ತು. ಎಷ್ಟು ಜನರ ಪಾಲಿದೆ ಎಂಬುದು ತೂಬು ಕಾಯುವವನಿಗಷ್ಟೇ ಗೊತ್ತು.

ಮೇಜಿನ ಮೇಲಿನ ಪಿಸಿಗೆ ಇದು ಸುಲಭಕ್ಕೆ ಒಗ್ಗಲಿಲ್ಲ. ಅದರ ಪ್ರೊಸೆಸರಿನ ಕೆಲವು ಆದೇಶಗಳು ಗಣಕ ಹಂಚುವ ತಂತ್ರಾಂಶವೆಂಬ ತೂಬಿನವನ ಕಣ್ಣು ತಪ್ಪಿಸಿ ಹರಿದುಬಿಡುತ್ತಿದ್ದವು. 1998ರಲ್ಲಿ ಹುಟ್ಟಿದ ವಿಎಂವೇರ್, ಅಂಥ ಆದೇಶಗಳನ್ನು ಓಡುತ್ತಿರುವಾಗಲೇ ಬದಲಿಸುವ ಉಪಾಯ ಹೂಡಿ 1999ರಲ್ಲಿ ವರ್ಕ್‌ಸ್ಟೇಷನ್ ತಂದಿತು. 2005–06ರಲ್ಲಿ ಇಂಟೆಲ್, ಎಎಂಡಿ ಆ ಅನುಕೂಲವನ್ನು ಚಿಪ್ಪಿನಲ್ಲೇ ಇಟ್ಟವು. 2007ರಲ್ಲಿ ಜರ್ಮನಿಯ ಇನ್ನೊಟೆಕ್ ಕಂಪನಿ ವರ್ಚುವಲ್‌ಬಾಕ್ಸನ್ನು ಮುಕ್ತ ತಂತ್ರಾಂಶವಾಗಿಸಿತು. ಕಾಸಿಲ್ಲದ ಅಂಗಡಿಗೂ ಅದು ದಕ್ಕಿತು. ವಿಎಂವೇರ್ ತನ್ನ ವರ್ಕ್‌ಸ್ಟೇಷನ್ ಪ್ರೊ ಅನ್ನು ಎಲ್ಲರಿಗೂ ಬಿಟ್ಟಿ ಕೊಡುವಷ್ಟರಲ್ಲಿ 2024 ಬಂದಿತ್ತು.

2009ರಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ 7ರ ಕೆಲವು ಆವೃತ್ತಿಗಳಿಗೆ ‘ಎಕ್ಸ್‌ಪಿ ಮೋಡ್’ ಕೊಟ್ಟಿತು: ಹೊಸದರೊಳಗೆ ಹಳತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ನಿಂತಿತು. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು. ಅದಕ್ಕೆ ಇಂದು ಎಲ್ಲೆಡೆ ನಡೆಯುವ ಯುನಿಕೋಡ್ ಕನ್ನಡ ಬಾರದು. ಹೊರಗಿನವರು ಹೊಸ ತಂತ್ರಾಂಶ ಪರೀಕ್ಷಿಸಲು, ಕ್ಲೌಡ್ ಕಟ್ಟಲು ಬಳಸಿದ ವಿದ್ಯೆಯನ್ನು ಇಂಥ ಅಂಗಡಿ ಹಳೇ ಕನ್ನಡ ಫೈಲು ಕಾಯಲು ಬಳಸಿಕೊಂಡಿತು. ಇದನ್ನು ಹಿಂದುಳಿದವರ ಪರದಾಟ ಎನ್ನಲಾರೆ, ಇದು ಜಾಣತನ.

ಆದರೂ ಲೆಕ್ಕ ಚುಕ್ತಾ ಆಗಿಲ್ಲ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕಾಯ್ದರು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಜೀವ ತೆಗೆಯುವಂಥದ್ದು. ಎಕ್ಸ್‌ಪಿಗೂ ಅದೇ ಎಚ್ಚರ ಬೇಕು: ಅದಕ್ಕೆ ಇಂಟರ್ನೆಟ್ ಕೊಡಬಾರದು, ಇಡೀ ಯಂತ್ರದ ಫೈಲನ್ನು ಬೇರೆ ಡಿಸ್ಕಿನಲ್ಲೂ ಇಡಬೇಕು. ಒಳಗಿರುವ ಕನ್ನಡವನ್ನು ಗೂಗಲ್ ಹುಡುಕಲಾರದು. ನುಡಿ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಇಂಗ್ಲಿಷ್ ಗೀಟು. ಲಗ್ನಪತ್ರಿಕೆ ಹೋದರೆ ಹೋಗಲಿ. ಜಾತ್ರೆಯ ಸ್ಮರಣ ಸಂಚಿಕೆ, ತತ್ವಪದದ ಸಂಗ್ರಹ, ಊರಿನ ಚರಿತ್ರೆಯೂ ಅದೇ ಹಗೇವಿನಲ್ಲಿವೆ.

ಕೆಲಸಕ್ಕೆಂದು ತೆರೆದ ಪ್ರತಿ ಹಳೇ ಫೈಲಿಗೂ ಒಂದು ಯುನಿಕೋಡ್ ಪ್ರತಿ ಮಾಡಿಡಿ. ಪರಿವರ್ತಕಗಳು ಬಿಟ್ಟಿ ಸಿಗುತ್ತವೆ. ಒತ್ತಕ್ಷರ ತಪ್ಪಿದ್ದನ್ನು ತಿದ್ದುವ ಕಣ್ಣು ಮಾತ್ರ ನಮ್ಮದೇ ಆಗಬೇಕು.